ಬಾಳೆ ಎಲೆಯಡಿ ಅಲುಗಾಡದೆ

ಮದುವೆ ಮನೆಗಳಲ್ಲಿ ಎಲ್ಲರಿಗೂ ಇಷ್ಟವಾಗುವ ಒಂದು ವಾಸನೆಯಿದೆ. ಹಸಿ ಬಾಳೆ ಎಲೆಯ ಮೇಲೆ ಬಿಸಿ ಅನ್ನ ಬಿದ್ದೊಡನೆ ಏಳುವ ವಾಸನೆ. ಅದು ಮೂಗಿಗೆ ಬಂದರೆ ಇಂದಿಗೂ ನನ್ನ ಉಸಿರು ತಾನಾಗಿ ನಿಲ್ಲುತ್ತದೆ. ನಿಮ್ಮ ಬಾಲ್ಯದಲ್ಲೂ ಇಂಥದೊಂದು ವಾಸನೆ ಇದ್ದೀತು. ಅದು ನಿಮ್ಮನ್ನು ಅಡುಗೆಮನೆಗೋ ಅಜ್ಜಿಯ ಸೆರಗಿಗೋ ಕರೆದೊಯ್ಯುತ್ತಿರಬಹುದು. ನನ್ನನ್ನು ಅದು ಒಂದು ಶಾಲೆಯ ಮೇಜಿನ ಮೇಲೆ ಅಂಗಾತ ಮಲಗಿಸುತ್ತದೆ.

ಆಗ ನಾವು ಬ್ಯಾಡಗಿಯಲ್ಲಿದ್ದೆವು. ಮನೆಗೆ ಫೋನು ಬಂದಿತ್ತು, ಮೊಬೈಲ್ ಇನ್ನೂ ಬಂದಿರಲಿಲ್ಲ. ಮುಂದಿನ ಕೋಣೆ ಅಪ್ಪನ ದವಾಖಾನೆ, ಹಿಂದಿನ ಎರಡು ಕೋಣೆ ನಮ್ಮ ಮನೆ. ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಗಾಳಿಗೇ ಘಾಟು ಹತ್ತಿ, ರೋಗಿಗಳ ಜೊತೆಗೆ ಡಾಕ್ಟರೂ ಕೆಮ್ಮುತ್ತಿದ್ದರು. ಶನಿವಾರ ಅಪ್ಪ ದವಾಖಾನೆಗೆ ಬೀಗ ಹಾಕಿ ಸುತ್ತಲಿನ ಶಾಲೆಗಳಿಗೆ ಹೋಗುತ್ತಿದ್ದರು. ಪುಸ್ತಕದ ಚಿತ್ರದಲ್ಲಿ ಹೃದಯ ಯಾವಾಗಲೂ ಎಲೆಯಷ್ಟು ತೆಳ್ಳಗೆ ಕಾಣುತ್ತದೆ, ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ನೋಡಬೇಕು ಎಂಬುದು ಅವರ ಹಟ. ಬೆಳಿಗ್ಗೆಯೇ ಹೋಗಿ ಕುರಿಯ ಹೃದಯ, ಪುಪ್ಪುಸ, ಯಕೃತ್ತು, ಕರುಳುಗಳನ್ನು ಬಕೆಟ್ಟಿನಲ್ಲಿ ತರುತ್ತಿದ್ದರು. ಉಳ್ಳಾಗಡ್ಡಿಯನ್ನೂ ಅಳುಕುತ್ತಲೇ ಮುಟ್ಟುತ್ತಿದ್ದ ಅವ್ವ ಬಚ್ಚಲ ಬಾಗಿಲಿಗೆ ಅಡ್ಡ ನಿಂತು, “ನೀವು ದವಾಖಾನಿ ಇಟ್ಟೀರೋ ಕಸಾಯಿಖಾನಿ ಇಟ್ಟೀರೋ?” ಎನ್ನುತ್ತಿದ್ದಳು. “ಎರಡಕ್ಕೂ ಚಾಕು ಒಂದ ಐತಿ, ತೊಳದಿಟ್ರಾತು,” ಎಂದು ಅಪ್ಪ ನಗುತ್ತಿದ್ದರು.

ಅಪ್ಪನ ಪಾಠಕ್ಕೆ ದೇಹ ನನ್ನದು. ನನಗಾಗ ಹತ್ತು ವರ್ಷ. ಮೇಜಿನ ಮೇಲೆ ಮಲಗಿಸಿ, ಫ್ರಾಕಿನ ಮೇಲೆ ಕುತ್ತಿಗೆಯಿಂದ ಕಿಬ್ಬೊಟ್ಟೆಯವರೆಗೆ ಬಾಳೆ ಎಲೆ ಹಾಸಿ, ಒಳಗೆ ಯಾವುದು ಎಲ್ಲಿದೆಯೋ ಅದರ ನೇರಕ್ಕೇ ಹೊರಗೆ ಒಂದೊಂದನ್ನೇ ಜೋಡಿಸುತ್ತಿದ್ದರು. ನನಗೆ ಚಳಿಯಾಗದಿರಲೆಂದು ಎಲ್ಲವನ್ನೂ ಬಿಸಿನೀರಿನಲ್ಲಿ ಅದ್ದಿಯೇ ಇಡುತ್ತಿದ್ದರು. ಕೊನೆಗೆ ನಾನು ಉಸಿರು ಹಿಡಿಯಬೇಕು. ಅಪ್ಪ ಸೈಕಲ್ ಪಂಪಿನಿಂದ ಕುರಿಯ ಪುಪ್ಪುಸಕ್ಕೆ ಗಾಳಿ ತುಂಬುತ್ತಿದ್ದರು. ನನ್ನೆದೆಯ ಮೇಲೆ ಅದು ಉಬ್ಬಿ ಇಳಿಯುವಾಗ ಇಡೀ ತರಗತಿ “ಹೋ” ಎನ್ನುತ್ತಿತ್ತು. ಹಾವೇರಿಯ ಒಂದು ಶಾಲೆಯಲ್ಲಿ ನಾನು ನಗು ತಡೆಯಲಾರದೆ ಅಲುಗಾಡಿ, ಯಕೃತ್ತು ಜಾರಿ ಮುಂದಿನ ಸಾಲಿನ ಹುಡುಗನ ತೊಡೆಯ ಮೇಲೆ ಬಿದ್ದು ಪಾಠವೇ ಕೆಟ್ಟಿತು. ಅಂದು ಅಪ್ಪ ಮೊದಲ ಬಾರಿ ಗದರಿದ್ದರು: “ಕಣ್ಣ ಮುಚ್ಚಬೇಕು. ನಾ ‘ಏಳು ಮಗಾ’ ಅನ್ನೂತನಕ ಏನಾದ್ರೂ ಅಲ್ಲಾಡಬಾರ್ದು.”

ಅದಾದ ಕೆಲವು ವಾರಕ್ಕೆ ನಾವು ಪಾಠಕ್ಕೆ ಹೋದ ಹಳ್ಳಿ ರಾಣೇಬೆನ್ನೂರಿನ ಆಚೆ. ಹೆಸರು ಬೇಡ. ಮಕ್ಕಳ ಕಿಡ್ನಿ ಕದಿಯುವವರು ಊರೂರು ತಿರುಗುತ್ತಿದ್ದಾರೆಂಬ ಸುದ್ದಿ ಆ ವಾರ ಬಸ್ಸುಗಳಲ್ಲೆಲ್ಲ ಓಡಾಡುತ್ತಿತ್ತು; ಅಪ್ಪನಿಗೆ ಅದು ತಿಳಿದಿರಲಿಲ್ಲ. ನಾನು ಕಣ್ಣು ಮುಚ್ಚಿ ಉಸಿರು ಹಿಡಿದಿದ್ದೆ. ಮಗನನ್ನು ಕರೆದೊಯ್ಯಲು ಬಂದ ಒಬ್ಬ ಹೆಂಗಸು ಕಿಟಕಿಯಲ್ಲಿ ಇಣುಕಿರಬೇಕು. “ಅಯ್ಯಯ್ಯೋ, ಹುಡುಗೀನ ಕೊಯ್ದಾನ ಬರ್ರ್ಯೋ!” ಎಂಬ ಕೂಗು ಕೇಳಿತು. ಮಕ್ಕಳು ಬಾಗಿಲಿಗೆ ನುಗ್ಗಿದರು. ಹೊರಹೋಗುವ ಚಿಕ್ಕ ಕಾಲುಗಳ ಸದ್ದಿನ ಮೇಲೆಯೇ ಒಳಬರುವ ದೊಡ್ಡ ಕಾಲುಗಳ ಸದ್ದು ಬಂತು. “ಅವ್ರು ಡಾಕ್ಟರ್ ಅದಾರೋ, ಬಿಡ್ರೋ!” ಎಂದ ಮಾಸ್ತರರನ್ನು ಯಾರೋ ಕಪ್ಪುಹಲಗೆಗೆ ನೂಕಿದರು. ಅಪ್ಪ, “ನನ್ನ ಮಗಳರೀ ಅಕಿ, ನನ್ನ ಮಗಳು,” ಎಂದರು. “ಮಗಳ್ನ ಕೊಯ್ಯೋನು ಅಪ್ಪನೇನಲೇ?” ಎಂದಿತು ಒಂದು ದನಿ. ಮೊದಲ ಏಟು ಬಿತ್ತು. ಬಡಿಗೆ ಬಟ್ಟೆಯ ಮೇಲೆ ಬೀಳುವ ಸದ್ದೇ ಬೇರೆ, ಎಲುಬಿನ ಮೇಲೆ ಬೀಳುವ ಸದ್ದೇ ಬೇರೆ ಎಂದು ನನಗೆ ಅಂದು ತಿಳಿಯಿತು. ಆಮೇಲೆ ಸೈಕಲ್ ಪಂಪಿನ ಸದ್ದು. ಅದನ್ನೇ ಕಿತ್ತುಕೊಂಡು ಹೊಡೆಯುತ್ತಿದ್ದರು. ಪ್ರತಿ ಏಟಿಗೂ ಅದರೊಳಗಿನ ಗಾಳಿ ಪುಸ್ಸೆನ್ನುತ್ತಿತ್ತು. ಅಪ್ಪ ನೆಲಕ್ಕೆ ಬಿದ್ದರು. ಮೇಜಿನ ಕಾಲಿಗೆ ಅವರ ತಲೆ ತಾಗಿ ನನ್ನ ಬೆನ್ನಿನ ಕೆಳಗಿನ ಹಲಗೆ ನಡುಗಿತು. ಎದ್ದರೆ ಸಾಕಿತ್ತು. ಒಂದು ಬೆರಳು ಆಡಿಸಿದ್ದರೂ ಸಾಕಿತ್ತು. ನಾನು ‘ಏಳು ಮಗಾ’ ಎಂಬ ಮಾತಿಗೆ ಕಾಯುತ್ತ ಮಲಗಿದ್ದೆ. ನಾನು ಅಲುಗಾಡದಷ್ಟೂ ಅವರಿಗೆ ನಾನು ಸತ್ತದ್ದು ಖಾತ್ರಿಯಾಗುತ್ತಿತ್ತು. ಅಷ್ಟೂ ಜೋರಾಗಿ ಹೊಡೆಯುತ್ತಿದ್ದರು. ಹನ್ನೊಂದು ಎಣಿಸಿದೆ. ಹನ್ನೆರಡನೆಯದಕ್ಕೆ ಅಪ್ಪ ನರಳಲಿಲ್ಲ. ಆಗ ಎದ್ದು ಕೂತೆ.

ಎಲೆಯ ಮೇಲಿನದೆಲ್ಲ ಜಾರಿ ನೆಲಕ್ಕೆ ಬಿತ್ತು. ಜನ ಹಿಂದೆ ಸರಿದರು. ಅಷ್ಟು ಮಂದಿಯಲ್ಲಿ ಒಬ್ಬ ಮುದುಕ ಮಾತ್ರ ಬಗ್ಗಿ ಕರುಳನ್ನು ಬೆರಳಿನಿಂದ ಎತ್ತಿ ನೋಡಿ ಹೇಳಿದ: “ಥೂ ನಿಮ್ಮ! ಇದು ಕುರೀದಲೇ. ವಾರಕ್ಕೊಮ್ಮಿ ಕುರಿ ಕೊಯ್ಯೋ ಮಕ್ಕಳಿಗೆ ಗುರ್ತ ಸಿಗಲಿಲ್ಲೇನು?” ಸಿಕ್ಕಿರಲಿಲ್ಲ. ಅಪ್ಪ ಅದನ್ನೆಲ್ಲ ಅಷ್ಟು ಸರಿಯಾಗಿ, ಮನುಷ್ಯರದ್ದೆಂಬಂತೆ ಜೋಡಿಸಿದ್ದರು. ಹೊಡೆದವರೇ ಟ್ರ್ಯಾಕ್ಟರಿನಲ್ಲಿ ನಮ್ಮನ್ನು ರಾಣೇಬೆನ್ನೂರಿಗೆ ಮುಟ್ಟಿಸಿದರು. ಅಪ್ಪನ ತಲೆಗೆ ಮಡಚಿದ ಟವೆಲ್ ಒತ್ತಿ ಹಿಡಿದವನ ಅಂಗಿಯ ಮೇಲೆ ಅಪ್ಪನದೇ ರಕ್ತವಿತ್ತು. ಅವನು ದಾರಿಯುದ್ದಕ್ಕೂ ಅಳುತ್ತಿದ್ದ.

ಅಪ್ಪ ಬದುಕಿದರು. ಬಲಗೈಯ ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ. ಪೊಲೀಸರೆದುರು ಯಾರ ಹೆಸರೂ ಹೇಳಲಿಲ್ಲ. “ಆ ಹೆಣ್ಣಮಗಳು ಸುಳ್ಳ ಹೇಳಿಲ್ಲ, ಕಂಡದ್ದ ಹೇಳ್ಯಾಳ,” ಎಂದರಷ್ಟೆ. ಸೂಜಿ ಹಿಡಿಯಲಾರದ ಡಾಕ್ಟರ ಬಳಿ ಜನ ಎಷ್ಟು ದಿನ ಬಂದಾರು? ದವಾಖಾನೆ ಮುಚ್ಚಿತು. ನಾವು ಹಾವೇರಿಗೆ ಬಂದೆವು. ಬ್ಯಾಡಗಿಯ ಆ ಮನೆ ಈಗ ಗೋದಾಮು. ಅವ್ವ ಅಡ್ಡ ನಿಲ್ಲುತ್ತಿದ್ದ ಬಾಗಿಲಿನವರೆಗೂ ಚೀಲಗಳು.

ಕಾಲೇಜಿನ ರಜೆಯಲ್ಲಿ ಒಮ್ಮೆ ಅಪ್ಪನ ಅಂಗಿಗೆ ಗುಂಡಿ ಹಾಕುತ್ತ, ವರ್ಷಗಟ್ಟಲೆ ಗಂಟಲಲ್ಲಿದ್ದುದನ್ನು ಕೇಳಿದೆ: “ಅಪ್ಪಾ, ನಾ ಲಗೂ ಎದ್ದಿದ್ರ ನಿಮ್ಮ ಕೈ ಉಳೀತಿತ್ತಲ್ಲ?”

ಗುಂಡಿ ಹಾಕಲು ಅನುವಾಗಲೆಂದು ಅವರು ಗದ್ದ ಎತ್ತಿದರು. “ನಾ ಅನ್ನಬಹುದಿತ್ತು ಮಗಾ, ‘ಏಳು’ ಅಂತ. ಬಾಯಿ ಇತ್ತು. ಆದ್ರ ಎದ್ರ ನೀ ಕಣ್ಣ ತೆರೀತಿದ್ದಿ. ನನ್ನ ಆ ಸ್ಥಿತ್ಯಾಗ ನೀ ನೋಡೂದು ಬ್ಯಾಡಾಗಿತ್ತು.”

ಅದಾದ ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. ಮನುಷ್ಯನ ದೇಹವನ್ನು ಅಷ್ಟು ಬಲ್ಲವರಿಗೆ, ಕಿವಿಗೆ ರೆಪ್ಪೆಯಿಲ್ಲವೆಂಬುದು ಆ ಏಟುಗಳ ಹೊತ್ತಿನಲ್ಲಿ ನೆನಪಾಗಿರಲಿಲ್ಲ. ಆ ರಜೆಯ ದಿನ ನಾನೂ ಅದನ್ನು ಹೇಳದೆ ಕೊನೆಯ ಗುಂಡಿ ಹಾಕಿ ಕಾಲರು ಸರಿಮಾಡಿದ್ದೆ.