ಫೋಲಾಕೆಯ ಅಜ್ಜಿಯೊಂದಿಗೆ ರೆಸ್ಟನ್‌ಗೆ

ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ನಮ್ಮೂರು ಕ್ಯಾರಿಯಿಂದ ಹೊರಟೆವು. ಬಾಡಿಗೆ ವ್ಯಾನಿನ ಹಿಂಭಾಗದಲ್ಲಿ ಕಂಬಳಿ ಸುತ್ತಿದ ಚಿತ್ರಗಳು. ನನ್ನ ಪಕ್ಕದಲ್ಲಿ ಅವುಗಳನ್ನು ಬರೆದ ಫೋಲಾಕೆ. ನೈಜೀರಿಯಾದವಳು, ನಮ್ಮ ಎದುರುಮನೆಯವಳು. ಹೆಂಗಸರನ್ನು ಬಿಟ್ಟು ಬೇರೆ ಯಾರನ್ನೂ ಬರೆಯುವುದಿಲ್ಲ. ವರ್ಜೀನಿಯಾದ ರೆಸ್ಟನ್‌ನಲ್ಲಿ ಮಹಿಳಾ ದಿನದ ಪ್ರದರ್ಶನ ಏರ್ಪಡಿಸಿದ್ದ ವಸುಧಾ ನನ್ನ ಮೈಸೂರಿನ ಕಾಲೇಜು ಗೆಳತಿ. ಅವಳಿಗೆ ಫೋಲಾಕೆಯ ಹೆಸರು ಹೇಳಿದವಳು ನಾನೇ.

ಸುಮಾರು ಇನ್ನೂರೆಂಬತ್ತು ಮೈಲಿ ದಾರಿ. ವರ್ಜೀನಿಯಾ ಗಡಿ ದಾಟುವಾಗ ಮಳೆ ಹಿಡಿಯಿತು. ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ನನ್ನ ಚಿತ್ರಾನ್ನವನ್ನೂ ಅವಳು ಕರಿದು ತಂದಿದ್ದ ಬಾಳೆಹಣ್ಣಿನ ಹೋಳುಗಳನ್ನೂ ಹಂಚಿಕೊಂಡೆವು. ಫ್ರೆಡರಿಕ್ಸ್‌ಬರ್ಗ್ ಬಳಿ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಪ್ರದರ್ಶನದ ಹಾಲ್ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು.

ದೊಡ್ಡ ಚಿತ್ರದ ಕಂಬಳಿ ಬಿಚ್ಚಿದಾಗ ವಸುಧಾ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಫೋಲಾಕೆಯ ಅಜ್ಜಿ: ತಲೆಗೆ ಸುತ್ತಿದ ನೀಲಿ ಬಟ್ಟೆ, ನೇರ ನೋಟ, ಎರಡೂ ಕೆನ್ನೆಗಳ ಮೇಲೆ ಎಳವೆಯಲ್ಲೇ ಕೊಯ್ದು ಮೂಡಿಸಿದ ಮೂರು ಮೂರು ಗೆರೆ.

"ಇದು ಬಾಗಿಲ ಹತ್ರ ಬೇಡ ಕಣೇ, ಬ್ಯಾಕ್ ರೂಮಲ್ಲಿ ಹ್ಯಾಂಗ್ ಮಾಡೋಣ. ಮಕ್ಕಳು ಹೆದರ್ಕೋತಾರೆ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕನ್ನಡ ಬಾರದ ಫೋಲಾಕೆಗೆ ಅವಳ ಕೈಸನ್ನೆಯೇ ಸಾಕಾಯಿತು. "ಅಜ್ಜಿ ಮುಂದೆ ಇರುತ್ತಾಳೆ. ಇಲ್ಲವಾದರೆ ಎಲ್ಲರನ್ನೂ ವಾಪಸು ಕರೆದೊಯ್ಯುತ್ತೇನೆ," ಎಂದು ಇಂಗ್ಲಿಷಿನಲ್ಲಿ ಹೇಳಿ, ದನಿಯೇರಿಸದೆ ಕಂಬಳಿ ಎತ್ತಿಕೊಂಡಳು.

ಇಬ್ಬರೂ ನನ್ನ ಮುಖ ನೋಡಿದರು. ವಸುಧಾಳದು ಹಳೆಯ ಸ್ನೇಹ. ಆದರೂ ಕಂಬಳಿಯ ಇನ್ನೊಂದು ತುದಿ ಹಿಡಿದೆ. "ಪ್ಯಾಕ್ ಮಾಡ್ತೀವಿ ವಸು. ಅದಕ್ಕೆ ಮುಂಚೆ ಈ ಅಜ್ಜಿ ಯಾರು ಅಂತ ಒಂದ್ಸಲ ಕೇಳು."

ವಸುಧಾ ಬಿಗಿದ ಮುಖದಲ್ಲೇ ಕೇಳಿದಳು, ಫೋಲಾಕೆ ಹೇಳಿದಳು. ಅಜ್ಜಿ ನೈಜೀರಿಯಾದ ಇಬಾದಾನ್ ಊರಿನ ಸಂತೆಯಲ್ಲಿ ತಾನೇ ಬಣ್ಣ ಹಾಕಿದ ಬಟ್ಟೆ ಮಾರಿ ಮಕ್ಕಳನ್ನು ಓದಿಸಿದವಳಂತೆ. ಗೆರೆಗಳು ಮನೆತನದ ಗುರುತು. ಎಲ್ಲಿಗೆ ಹೋದರೂ ಅವಳು ಯಾರ ಮಗಳೆಂದು ಕೆನ್ನೆಯೇ ಹೇಳುತ್ತಿತ್ತಂತೆ.

"ಪೇಟೆಯ ಸೊಸೆಯರು ಗೆರೆ ನೋಡಿ ನಕ್ಕರೆಂದು ಕೊನೆಗಾಲದಲ್ಲಿ ಫೋಟೋ ತೆಗೆಸಲು ಒಪ್ಪಲಿಲ್ಲ," ಎಂದಳು ಫೋಲಾಕೆ. "ನೆನಪಿನಿಂದಲೇ ಬರೆದೆ. ಅವಳು ಮುಖ ಮರೆಸಿಕೊಂಡಳಲ್ಲ, ಅದಕ್ಕೇ ಇಷ್ಟು ದೊಡ್ಡದಾಗಿ ಬರೆದೆ."

ವಸುಧಾ ಒಳಗೆ ಹೋದಳು. ನಾವು ಕಂಬಳಿ ಹಿಡಿದು ನಿಂತೇ ಇದ್ದೆವು. ಅವಳು ಏಣಿ ಹೊತ್ತು ಬಂದಳು.

"ಸ್ವಲ್ಪ ಮೇಲಕ್ಕೇ ಹಾಕೋಣ. ಪಾರ್ಕಿಂಗ್ ಲಾಟಿಂದ್ಲೂ ಕಾಣ್ಲಿ."

ಮರುದಿನ ಜನ ಬರತೊಡಗಿದ ಮೇಲೆ ಖಾಲಿ ವ್ಯಾನ್ ಹತ್ತಿದೆವು. ಹೊರಡುವ ಮುನ್ನ ಗಾಜಿನ ಬಾಗಿಲ ಕಡೆ ನೋಡಿದೆ. ಚಿತ್ರದ ಮುಂದೆ ಒಬ್ಬ ಪುಟ್ಟ ಹುಡುಗಿ ತಲೆಯೆತ್ತಿ ನಿಂತಿದ್ದಳು. ವಸುಧಾ ಅವಳ ಪಕ್ಕ ಮಂಡಿಯೂರಿ ಏನನ್ನೋ ಹೇಳುತ್ತ, ತನ್ನ ಕೆನ್ನೆಯ ಮೇಲೆ ಬೆರಳಿನಿಂದ ಒಂದೊಂದಾಗಿ ಗೆರೆ ಎಳೆದು ತೋರಿಸುತ್ತಿದ್ದಳು.