ಡ್ರೈವರ್ ಮೊದಲು ತಪ್ಪೊಪ್ಪಿಕೊಂಡ

ಯಲಹಂಕದಲ್ಲಿ ನನ್ನದು ಹಳೆಯ ಬಾಗಿಲು, ಕಿಟಕಿಗಳ ವ್ಯಾಪಾರ. ಕೆಡವುವ ಮನೆಗಳಿಂದ ಕೊಂಡು ತಂದು, ಹೊಸದಾಗಿ ಕಟ್ಟುವವರಿಗೆ ಮಾರುತ್ತೇನೆ. ಚಿಕ್ಕಬಾಣಾವರದಲ್ಲಿ ನನ್ನ ಭಾವಮೈದ ಹಳೆಯ ಮನೆ ಕೆಡವಿಸಿದಾಗ ಅಲ್ಲಿನ ತಲೆಬಾಗಿಲೂ ನನ್ನ ಅಂಗಡಿಗೇ ಬಂತು. ಎರಡನೆಯ ದಿನವೇ ಹೆಬ್ಬಾಳದ ಒಂದು ಹೋಟೆಲಿನವರಿಗೆ ಕೊಟ್ಟುಬಿಟ್ಟೆ. ಅದು ಹೆಂಡತಿಯ ತವರಿನ ಬಾಗಿಲು, ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನನ್ನ ಕಣ್ಣಿಗೆ ಅದು ಒಳ್ಳೆಯ ತೇಗ, ಅಷ್ಟೆ.

ಅವಳು ಮಾತು ಬಿಟ್ಟಳು. "ನಿಮ್ಮಪ್ಪಂಗೆ ಊಟಕ್ಕೆ ಬರಕ್ಕೇಳು" ಎಂದು ಎಲ್ಲವೂ ಮಗಳ ಮೂಲಕ. "ನಾನೇನ್ ನಿಮ್ಮಿಬ್ರಿಗೂ ಕೊರಿಯರ್ರಾ?" ಎಂದು ಮಗಳು ರೇಗುತ್ತಿದ್ದಳು. ನಾನೂ ಬಿಗಿದುಕೊಂಡೇ ಇದ್ದೆ. ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟವನು ಸೋಲುತ್ತಾನೆ ಎಂಬುದು ನಾನು ಕಲಿತ ಮೊದಲ ಪಾಠ.

ಸಂಜೆ ಏಳೂವರೆಯ ಧಾರಾವಾಹಿಯನ್ನು ಮಾತ್ರ ಮೂವರೂ ಒಟ್ಟಿಗೆ ನೋಡುತ್ತಿದ್ದೆವು. ಅದರಲ್ಲಿ ಯಜಮಾನನಿಗೂ ಯಜಮಾನಿಗೂ ಮಾತಿಲ್ಲ. ಅದೇ ಮನೆಯ ಡ್ರೈವರ್‌ಗೂ ಅಡುಗೆಯವಳಿಗೂ ಪ್ರೀತಿ, ಜಗಳ. ಈ ಸಣ್ಣ ಜೋಡಿಯನ್ನು ಸುಮ್ಮನೆ ಇಟ್ಟಿಲ್ಲ ಎಂದು ನನಗೆ ಬೇಗ ತಿಳಿಯಿತು. ಕಥೆ ಬರೆಯುವವರೂ ನಮ್ಮಂಥವರೇ, ದೊಡ್ಡ ಮಾಲು ಬಿಚ್ಚುವ ಮುಂಚೆ ಸ್ಯಾಂಪಲ್ ತೋರಿಸುತ್ತಾರೆ. ಸೋಮವಾರ ಅಡುಗೆಯವಳು ಮುನಿಸಿಕೊಂಡರೆ ಗುರುವಾರ ಯಜಮಾನಿ ಗಂಟುಮೂಟೆ ಕಟ್ಟುತ್ತಾಳೆ. ನೀವೂ ಗಮನಿಸಿ ನೋಡಿ.

ಒಂದು ಸಂಜೆ ಡ್ರೈವರ್ ತಪ್ಪೊಪ್ಪಿಕೊಂಡ, ಅಡುಗೆಯವಳು ನಕ್ಕಳು. "ನೋಡ್ತಿರು, ಈ ವಾರವೇ ದೊಡ್ಡವರದ್ದೂ ರಾಜಿ ಆಗುತ್ತೆ" ಎಂದು ಮಗಳಿಗೆ ಹೇಳಿದೆ. ಮೂರನೆಯ ದಿನ ಯಜಮಾನ ನೆಕ್ಲೇಸ್ ತಂದ. ಯಜಮಾನಿ ಮುಟ್ಟಲೂ ಇಲ್ಲ.

"ನಿನ್ ಲೆಕ್ಕ ತಪ್ತಲ್ಲಪ್ಪ!" ಎಂದಳು ಮಗಳು.

ಹೆಂಡತಿ ಟಿವಿಯಿಂದ ಕಣ್ಣು ತೆಗೆಯದೆ ಅವಳಿಗೇ ಹೇಳಿದಳು: "ಆ ಡ್ರೈವರ್ ಏನೂ ತರ್ಲಿಲ್ಲ ಕಣೇ. ತಪ್ಪಾಯ್ತು ಅಂದ. ಈ ಮಹಾರಾಯಂಗೆ ಅದೊಂದ್ ಬಿಟ್ಟು ಎಲ್ಲಾ ಬರುತ್ತೆ."

ಹಿಂದಿನ ವಾರ ನಾನು ತಂದಿಟ್ಟ ಸೀರೆಯ ಕವರ್ ಅವಳು ಇನ್ನೂ ಬಿಚ್ಚಿರಲಿಲ್ಲ.

ಜಾಹೀರಾತು ಬಂತು. "ತಪ್ಪಾಯ್ತು ಕಣೇ. ನಿನ್ನ ಕೇಳ್ಬೇಕಿತ್ತು" ಎಂದೆ. ಹೋಟೆಲಿನವರು ಬಾಗಿಲನ್ನು ಗೋಡೆಗೆ ಕೂರಿಸಿಬಿಟ್ಟಿದ್ದಾರೆ, ವಾಪಸು ಸಿಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋದಳು.

ಮಾರನೆಯ ದಿನ ಅವಳನ್ನು ಹೆಬ್ಬಾಳಕ್ಕೆ ಕರೆದುಕೊಂಡು ಹೋದೆ. ಹೋಟೆಲಿನ ಬಾಗಿಲಲ್ಲಿ ನಿಂತು ಚೌಕಟ್ಟಿನ ಬುಡ ಸವರಿದಳು.

"ಅಮ್ಮ ಅರಿಶಿನ ಹಚ್ಚೋ ಜಾಗಕ್ಕೂ ಪೇಂಟ್ ಬಳ್ದಿದಾರೆ, ನೋಡ್ರೀ."

ಮಗಳು ಜೊತೆಗೆ ಬಂದಿರಲಿಲ್ಲ.