ಕಾಡತೂಸು ಅವ್ವನ ಬಳಿ

ಕಳ್ಳತನದ ಸುದ್ದಿಯೊಂದು ಬಂದರೆ ಸಾಕು, ನಮ್ಮ ಕೊಂಡಾಪುರದ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ವೀರರು ಎದ್ದು ಕೂರುತ್ತಾರೆ. ಸಾಮಾನ್ಯ ಜನರಿಗೂ ಬಂದೂಕಿನ ಲೈಸೆನ್ಸ್ ಸಲೀಸಾಗಿ ಸಿಗಬೇಕಂತೆ. ಜಿರಲೆ ಕಂಡರೆ ವಾಚ್‌ಮನ್‌ಗೆ ಫೋನ್ ಮಾಡುವ ಮಂದಿ ಇವರು. ನಾನು ಬಂದೂಕಿದ್ದ ಮನೆಯಲ್ಲಿ ಬೆಳೆದವಳು, ಸುಮ್ಮನಿರುತ್ತೇನೆ.

ಅಪ್ಪ ಸೈನ್ಯದಿಂದ ನಿವೃತ್ತನಾದ ಮೇಲೆ ನಾವು ವಿಜಯಪುರದ ಕಡೆಯಿಂದ ಇದೇ ನಗರದ ಕುಷಾಯಿಗೂಡಕ್ಕೆ ಬಂದೆವು. ಅವನಿಗೆ ಬಂಗಾರದ ಅಂಗಡಿಯೊಂದರಲ್ಲಿ ಕಾವಲು ಕೆಲಸ ಸಿಕ್ಕಿತು. ಅದಕ್ಕೆ ಸ್ವಂತ ಬಂದೂಕು ಬೇಕಿತ್ತು. ಲೈಸೆನ್ಸ್ ಮಾಡಿಸಿ ಜೋಡು ನಳಿಕೆಯದೊಂದನ್ನು ತಂದ. ತಂದ ದಿನವೇ ಕಟ್ಟಳೆ ಮಾಡಿದ: ಬಂದೂಕು ತನ್ನ ಬಳಿ, ಕಾಡತೂಸು ಅವ್ವನ ಬಳಿ. ಅವ್ವ ಅವನ್ನು ಸೀರೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಪ್ಪ ಅಂಗೈ ಚಾಚುತ್ತಿದ್ದ. ಅವಳು ಊಟದ ಡಬ್ಬಿಯ ಜೊತೆ ಕಾಡತೂಸನ್ನೂ ಕೊಡುತ್ತಿದ್ದಳು. ಸಂಜೆ ಎರಡೂ ಅವಳ ಕೈಗೆ ವಾಪಸ್. ಆಯುಧಪೂಜೆಯಲ್ಲಿ ಬಂದೂಕಿಗೆ ಕುಂಕುಮ ಹಚ್ಚುವಾಗ ಹೆದರಿ ಮುಖ ಆಚೆ ತಿರುಗಿಸುತ್ತಿದ್ದಳು, ಬೊಟ್ಟು ಗೋಡೆಗೆ ಬೀಳುತ್ತಿತ್ತು. ನನಗೋ ಆ ಬಂದೂಕೆಂದರೆ ಬೆರಗು. ಅದು ಮನೆಯಲ್ಲಿರುವುದೇ ದೊಡ್ಡಸ್ತಿಕೆ ಎಂದು ತಿಳಿದಿದ್ದೆ.

ನಾನು ಇಂಟರ್, ಅಂದರೆ ಪಿಯುಸಿ, ಓದುವಾಗ ಒಂದು ಭಾನುವಾರ, ಸನತ್‌ನಗರಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ಆಟೋದಲ್ಲಿ ಬಂದಿಳಿದಳು. ಒಂದು ಕಣ್ಣು ಮುಚ್ಚಿಹೋಗುವಷ್ಟು ಮುಖ ಬಾತಿತ್ತು. ಗಂಡ ಹೊಡೆದಿದ್ದ. ಅವಳು ಹೇಳದಿದ್ದರೂ ಗೊತ್ತಾಗುತ್ತಿತ್ತು.

ಅಪ್ಪ ಕಪಾಟಿನಿಂದ ಬಂದೂಕು ತೆಗೆದು ಅಡುಗೆಮನೆಯ ಬಾಗಿಲಿಗೆ ಬಂದು, ದಿನದಂತೆಯೇ ಅಂಗೈ ಚಾಚಿದ.

ರೊಟ್ಟಿ ಬಡಿಯುತ್ತಿದ್ದ ಅವ್ವ ಎದ್ದು ಹಿಟ್ಟಿನ ಕೈ ಒರೆಸಿಕೊಂಡಳು. "ಇವತ್ತ ಐತವಾರ ಐತ್ರಿ," ಎಂದಳು.

"ಗೊತ್ತೈತಿ. ಕೊಡು."

"ಕೊಡೂದಿಲ್ರಿ."

ಅಪ್ಪನಿಗೆ ಅವಳು ಇಲ್ಲ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೀಲಿಕೈ ಅವಳ ಸೊಂಟದಲ್ಲೇ ತೂಗುತ್ತಿತ್ತು. ಕಿತ್ತುಕೊಳ್ಳುವುದು ಅಪ್ಪನಿಗೆ ಕ್ಷಣದ ಕೆಲಸ. ಚಾಚಿದ ಅಂಗೈ ಮಾತ್ರ ಮುಂದೆ ಹೋಗಲಿಲ್ಲ.

"ಅಂವಾ ಸತ್ತ ಅಂದ್ರ ನೀವು ಜೇಲಿಗೆ ಹೋಗ್ತೀರಿ," ಎಂದಳು ಅವ್ವ. "ಆಮ್ಯಾಲೆ ಈಕಿ ಯಾರ ಮನಿಗೆ ಬರಬೇಕ್ರಿ?"

ಕುಂಕುಮ ಹಚ್ಚಲು ಅಂಜುವ ಹೆಂಗಸು ಅಲ್ಲಿ ಬೆಟ್ಟದಂತೆ ನಿಂತಿದ್ದಳು. ಅವಳನ್ನು ಒಂದು ಕೈಯಲ್ಲಿ ಸರಿಸಬಲ್ಲ ಗಂಡಸು, ತಾನೇ ಮಾಡಿದ ಕಟ್ಟಳೆಯ ಮುಂದೆ ತಲೆ ತಗ್ಗಿಸಿದ್ದ. ಇವರಿಬ್ಬರ ಹೊಟ್ಟೆಯಲ್ಲಿ ನಾನು ಹುಟ್ಟಿದೆನೇ ಎಂದು ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕೊನೆಗೆ ಅಪ್ಪ ಬಂದೂಕನ್ನು ಕಪಾಟಿನಲ್ಲಿಟ್ಟು, ಚಪ್ಪಲಿ ಮೆಟ್ಟಿ, ಅಕ್ಕನನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದ. ಅಕ್ಕ ಮತ್ತೆ ಆ ಮನೆಗೆ ಹೋಗಲಿಲ್ಲ. ಈಗ ಕುಷಾಯಿಗೂಡದಲ್ಲೇ ಟೇಲರ್ ಅಂಗಡಿ ಇಟ್ಟುಕೊಂಡು ನನ್ನ ಬ್ಲೌಸುಗಳನ್ನು ಹೇಳಿದ ದಿನಕ್ಕೆ ಕೊಡದೆ ಸತಾಯಿಸುತ್ತಾಳೆ.

ಕೆಲವೇ ವಾರಗಳಲ್ಲಿ ಅಪ್ಪ ಬಂದೂಕು ಮಾರಿದ, ಲೈಸೆನ್ಸನ್ನೂ ಒಪ್ಪಿಸಿ ಬಂದ. ಬಂಗಾರದ ಅಂಗಡಿಯ ಕೆಲಸ ಹೋಯಿತು. ಗೋದಾಮೊಂದರಲ್ಲಿ ಲಾಠಿ ಹಿಡಿದು ನಿಲ್ಲುವ ಕೆಲಸಕ್ಕೆ ಸೇರಿಕೊಂಡ. ನನಗೆ ಸಿಟ್ಟು ಬಂತು. ಅವ್ವ ಕೊಡಲಿಲ್ಲ, ನೀನೂ ಕಿತ್ತುಕೊಳ್ಳಲಿಲ್ಲ, ಏನೂ ಆಗಲಿಲ್ಲವಲ್ಲ ಎಂದು ಜಗಳಕ್ಕೆ ನಿಂತೆ.

ಅಪ್ಪ ಬೂಟಿನ ಲೇಸು ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ.

"ನಿಮ್ಮವ್ವ ಆವತ್ತ ಬಾಜಾರಕ್ಕ ಹೋಗಿದ್ದಳು ಅಂದ್ರ," ಎಂದ, "ಆ ಪೆಟಗಿ ಕೀಲಿ ಒಡಿಯಾಕ ನನಗ ಎಷ್ಟ ಹೊತ್ತು ಬೇಕಾಗತಿತ್ತು?"